ನವೋದಯಕ್ಕೆ ಅರ್ಜಿ ಹಾಕುವ ಮೊದಲು

ಮಗಳು ಐದನೇ ತರಗತಿಗೆ ಬಂದಾಗ ಎಲ್ಲರೂ ಕೇಳಿದ್ದು ಒಂದೇ: "ನವೋದಯ ಪರೀಕ್ಷೆ ಕಟ್ಟಿಸ್ತೀರಾ?" ಲೆಕ್ಕದಲ್ಲಿ ಅವಳು ಚುರುಕು. ಆದರೆ ನವೋದಯ ಕೇಂದ್ರ ಸರ್ಕಾರದ ವಸತಿ ಶಾಲೆ, ಆರನೇ ತರಗತಿಯಿಂದ ಅಲ್ಲೇ ಇದ್ದು ಓದಬೇಕು. ಮನೆ ಬಿಟ್ಟು ಇರುತ್ತಾಳಾ ಅನ್ನುವುದು ಬೇರೆ ಪ್ರಶ್ನೆ ಅಲ್ವಾ?

ದಸರಾ ರಜೆಯಲ್ಲಿ ಹತ್ತು ದಿನ ಅವಳೊಬ್ಬಳನ್ನೇ ಅಜ್ಜಿ ಮನೆಗೆ ಕಳಿಸಿದೆ. ಫೋನು ಎರಡು ದಿನಕ್ಕೊಮ್ಮೆ ಮಾತ್ರ. ಮೂರನೇ ರಾತ್ರಿ ದಿಂಬು ತಬ್ಬಿಕೊಂಡು ಅತ್ತಳಂತೆ. ಮರುದಿನ ಪಕ್ಕದ ಮನೆ ಹುಡುಗಿಯರ ಜೊತೆ ಕುಂಟೆಬಿಲ್ಲೆ ಆಡುತ್ತಿದ್ದಳಂತೆ. ಮಗು ಅಳುತ್ತದಾ ಅಂತ ನೋಡಬೇಡಿ, ಅತ್ತ ಮೇಲೆ ಸುಧಾರಿಸಿಕೊಳ್ಳುತ್ತದಾ ನೋಡಿ.

ಜಡೆ ಹಾಕಿಕೊಳ್ಳುವುದು, ಬಟ್ಟೆ ಒಗೆದುಕೊಳ್ಳುವುದು ಒಂದು ತಿಂಗಳಲ್ಲಿ ಬರುತ್ತದೆ. ಹೊಟ್ಟೆನೋವು ಬಂದರೆ ದೊಡ್ಡವರ ಹತ್ತಿರ ಹೋಗಿ ಬಾಯಿಬಿಟ್ಟು ಹೇಳುವುದು ಕಷ್ಟ. ನನ್ನ ಮಗಳು ಜ್ವರವನ್ನೂ ಮುಚ್ಚಿಡುತ್ತಿದ್ದಳು. ನನಗೆ ಜಾಸ್ತಿ ಭಯವಾಗಿದ್ದು ಅದಕ್ಕೇ. ಹಾಗಾಗಿ ಅಂಗಡಿಯಲ್ಲಿ, ಟೀಚರ್ ಹತ್ತಿರ, ಡಾಕ್ಟರ್ ಮುಂದೆ ಅವಳೇ ಮಾತಾಡಲಿ ಅಂತ ನಾನು ಸುಮ್ನೆ ಪಕ್ಕದಲ್ಲಿ ನಿಂತೆ.

ಪರೀಕ್ಷೆ 2 ಗಂಟೆ, 80 ಪ್ರಶ್ನೆ, 100 ಅಂಕ. ಆರನೇ ತರಗತಿಗೆ ಒಮ್ಮೆ ಮಾತ್ರ ಬರೆಯಬಹುದು, ಅದಕ್ಕೇ ಅಪ್ಪ ಅಮ್ಮಂದಿರಿಗೆ ಅವಸರ. ಬರೆಯಲಿ ಬಿಡಿ. ಆದರೆ ಬರೆಯುವುದು ಬೇರೆ, ಸೇರುವುದು ಬೇರೆ. ಒಂಬತ್ತನೇ ತರಗತಿಯಲ್ಲಿ ಕೆಲವು ಮಕ್ಕಳನ್ನು ಒಂದು ವರ್ಷ ಬೇರೆ ರಾಜ್ಯದ ನವೋದಯಕ್ಕೆ ಕಳಿಸುತ್ತಾರೆ. ಅದನ್ನೂ ಮಗುವಿಗೆ ಮೊದಲೇ ಹೇಳಿ.

ಈಗ ಬೇಡ ಅನ್ನಿಸಿದರೆ ಗಾಬರಿ ಬೇಡ. ಖಾಲಿ ಉಳಿದ ಸೀಟುಗಳಿಗೆ ಒಂಬತ್ತನೇ ತರಗತಿಗೂ ಪ್ರವೇಶ ಪರೀಕ್ಷೆ ಇರುತ್ತದೆ.