ಜೋಂಗಾ ಕುಡಿಯುವ ಪೆಟ್ರೋಲ್‌ಗೆ ಲೆಕ್ಕ ಇಟ್ಟಿದ್ದು

ಚಿಕ್ಕಮಗಳೂರು ಕಡೆಯ ಆಲ್ದೂರಿನ ಹತ್ತಿರ ನಮ್ಮ ಕಾಫಿ ತೋಟ. ಶೆಡ್ಡಿನಲ್ಲಿ ಒಂದು ಜೋಂಗಾ ಇದೆ. 1998ರಲ್ಲಿ ಅಪ್ಪ ಸೇನೆಯ ಹರಾಜಿನಲ್ಲಿ ತಂದದ್ದು. ಜಬಲ್‌ಪುರದಲ್ಲಿ ಸೇನೆಗಾಗಿ ಮಾಡುತ್ತಿದ್ದ ಗಾಡಿ ಅದು, ಮೂಲ ನಿಸ್ಸಾನ್ ಪ್ಯಾಟ್ರೋಲ್. ಹೆಸರಲ್ಲೇ ಪೆಟ್ರೋಲ್ ಇದೆಯಲ್ಲ, ಇನ್ನೇನು ಕೇಳೋದು ಅಂತ ಅಪ್ಪ ನಗುತ್ತಿದ್ದರು. ಸಾಲಾಗಿ ಆರು ಸಿಲಿಂಡರ್, 3,956 ಸಿಸಿ, 110 ಎಚ್‌ಪಿ. ಮಳೆಗಾಲದಲ್ಲಿ ಗೊಬ್ಬರದ ಮೂಟೆ ಹೇರಿಕೊಂಡು ಕೆಸರಿನ ಏರು ಹತ್ತುವಾಗ ಇದರಂಥ ಗಾಡಿ ಇಲ್ಲ. ಬಂಕಿನಲ್ಲಿ ನಿಲ್ಲಿಸಿದಾಗ ಮಾತ್ರ ಬೇಜಾರು.

ಈ ಕಡೆ ಹೆಚ್ಚಿನವರು ಇಂಥ ಗಾಡಿಗೆ ಡೀಸೆಲ್ ಎಂಜಿನ್ ಕೂರಿಸಿಬಿಟ್ಟಿದ್ದಾರೆ. ಗಾಡಿ ರಿಪೇರಿ ಮಾಡುವ ನಮ್ಮ ಮೇಸ್ತ್ರಿಯೂ ಪ್ರತಿ ಸಲ ಅದನ್ನೇ ಹೇಳುವುದು. "ಗೌಡ್ರೇ, ಈ ಎಂಜಿನ್ ಇಳಿಸಿಬಿಡಿ, ಹತ್ತು ಹನ್ನೊಂದು ಮೈಲೇಜ್ ಬರುತ್ತೆ." ಖರ್ಚು ಒಂದೂವರೆ ಲಕ್ಷ ಅಂದರು. ಆರ್‌ಸಿಯಲ್ಲಿ ತಿದ್ದಿಸುವ ಓಡಾಟ ಬೇರೆ. ಅದಕ್ಕಿಂತ ಮುಖ್ಯವಾಗಿ, ಆ ಎಂಜಿನ್ನಿನ ಸದ್ದು ನನಗೆ ಇಷ್ಟ. ಐಡಲ್‌ನಲ್ಲಿ ಬಾನೆಟ್ ಮೇಲೆ ನಾಣ್ಯ ನಿಲ್ಲಿಸಬಹುದು. ಹಾಗಾಗಿ ಎಂಜಿನ್ ಇಳಿಸದೆ ಎಷ್ಟು ಉಳಿಸಬಹುದು ನೋಡೋಣ ಅಂತ ಒಂದು ನೋಟ್‌ಬುಕ್ ಇಟ್ಟೆ.

ಟ್ಯಾಂಕ್ ಫುಲ್ ಮಾಡಿಸಿ, ಓಡಿಸಿ, ಮತ್ತೆ ಅದೇ ಬಂಕಿನಲ್ಲಿ ಫುಲ್ ಮಾಡಿಸಿ ಭಾಗಿಸುವುದು. ಒಂದು ಟ್ಯಾಂಕಿನ ಲೆಕ್ಕ ನಂಬಬಾರದು, ಕನಿಷ್ಠ ಮೂರು ಬೇಕು. ಮೊದಲ ಸರಾಸರಿ ಲೀಟರಿಗೆ 4.1 ಕಿಲೋಮೀಟರ್ ಬಂತು. ಆದರೆ ಬೇಲೂರು ಮೇಲೆ ಹಾಸನಕ್ಕೆ ಹೋಗಿದ್ದ ದಿನ ದಾರಿಯಲ್ಲಿ ಫೋನಿನ ಜಿಪಿಎಸ್ ನೋಡಿದರೆ 60 ಕಿಲೋಮೀಟರ್, ಗಾಡಿಯ ಮೀಟರ್ 56 ತೋರಿಸುತ್ತಿತ್ತು! ಹಿಂದೆ ಯಾವಾಗಲೋ ದೊಡ್ಡ ಸೈಜಿನ ಟೈರ್ ಹಾಕಿಸಿದ್ದೆವು. ಚಕ್ರ ದೊಡ್ಡದಾದರೆ ಸುತ್ತು ಕಮ್ಮಿ, ಮೀಟರಿಗೆ ದೂರವೂ ಕಮ್ಮಿ. ಅಂದರೆ ನಿಜವಾದ ಮೈಲೇಜ್ 4.4. ಒಂದು ಸ್ಕ್ರೂ ಕೂಡ ಮುಟ್ಟದೆ ಸಿಕ್ಕ ಲಾಭ ಇದೊಂದೇ.

ಎಂಜಿನ್ ಮುಟ್ಟುವ ಮೊದಲು ಗಾಡಿ ಸಲೀಸಾಗಿ ಉರುಳುತ್ತಾ ನೋಡಬೇಕು. ಕಾಫಿ ಒಣಗಿಸುವ ಸಿಮೆಂಟ್ ಕಣ ಇದಕ್ಕೆ ಹೇಳಿ ಮಾಡಿಸಿದ ಜಾಗ. ನ್ಯೂಟ್ರಲ್‌ಗೆ ಹಾಕಿ ತಳ್ಳಿಸಿದೆ. ಇಬ್ಬರಿಗೆ ಅಲ್ಲಾಡಲಿಲ್ಲ, ನಾಲ್ಕು ಜನ ಬೇಕಾಯಿತು. ಐದು ಕಿಲೋಮೀಟರ್ ಓಡಿಸಿ ಬಂದು ನಾಲ್ಕೂ ಡ್ರಮ್ ಮುಟ್ಟಿ ನೋಡಿದರೆ ಹಿಂದಿನ ಎಡಗಡೆಯದು ಕೈ ಇಡಲಾಗದಷ್ಟು ಬಿಸಿ. ಬ್ರೇಕ್ ಬಿಟ್ಟರೂ ಲೈನರ್ ಡ್ರಮ್ಮಿಗೆ ಅಂಟಿಕೊಂಡೇ ಇತ್ತು. ವೀಲ್ ಸಿಲಿಂಡರ್ ತುಕ್ಕು ಹಿಡಿದಿತ್ತು, ಸ್ಪ್ರಿಂಗ್ ಸತ್ತಿತ್ತು. ಮುಂದಿನ ಹಬ್‌ಗಳ ಲಾಕ್ ಮಳೆಗಾಲದಲ್ಲಿ ಹಾಕಿದ್ದು ಹಾಗೇ ಉಳಿದಿತ್ತು. ಅದರಿಂದ ಫೋರ್ ವೀಲ್ ಹಾಕದಿದ್ದರೂ ಮುಂದಿನ ಆಕ್ಸಲ್ಲು, ಶಾಫ್ಟು ಎಲ್ಲ ಸುಮ್ನೆ ತಿರುಗುತ್ತಿದ್ದವು. ಕೆಸರಿಗೆ ಅಂತ ಇಳಿಸಿದ್ದ ಟೈರಿನ ಗಾಳಿಯನ್ನು ತುಂಬಿಸಿರಲೇ ಇಲ್ಲ. ಇವಿಷ್ಟೇ ಸರಿಮಾಡಿದ್ದಕ್ಕೆ 4.8 ಬಂತು. ಈಗ ಕಣದಲ್ಲಿ ಇಬ್ಬರು ತಳ್ಳಿದರೆ ಗಾಡಿ ಹೋಗುತ್ತದೆ.

ಎಲ್ಲಕ್ಕಿಂತ ದೊಡ್ಡ ಕಳ್ಳ ಸಿಕ್ಕಿದ್ದು ಆಮೇಲೆ. ಡಿಸೆಂಬರ್‌ನಲ್ಲಿ ಕೊಯ್ಲು ನಡೆಯುವಾಗ ಬೆಳಗ್ಗೆ ಆರಕ್ಕೆ ಗಾಡಿ ತೆಗೆಯುತ್ತೇನೆ. ಚೋಕ್ (ಗಾಳಿ ತಡೆದು ಪೆಟ್ರೋಲ್ ಪಾಲು ಹೆಚ್ಚಿಸುವ ಗುಂಡಿ) ಎಳೆಯದೆ ಓಡುವುದಿಲ್ಲ, ಚಿಕ್ಕಮಗಳೂರು ಮುಟ್ಟುವವರೆಗೂ ಸ್ವಲ್ಪ ಎಳೆದೇ ಇರಬೇಕು. ಟೆಂಪರೇಚರ್ ಮುಳ್ಳು ಕೆಳಗೇ ಮಲಗಿರುತ್ತಿತ್ತು. ಗಾಡಿ ಬಿಸಿ ಆಗಲ್ಲ, ಒಳ್ಳೇ ಎಂಜಿನ್ ಅಂತ ನಾನು ಹೆಮ್ಮೆಪಟ್ಟುಕೊಂಡಿದ್ದೆ. ಬಿಚ್ಚಿ ನೋಡಿದರೆ ಥರ್ಮೋಸ್ಟಾಟ್ ವಾಲ್ವೇ ಇಲ್ಲ. ಹಿಂದೆ ಒಂದು ಗ್ಯಾರೇಜಿನವರು ಕಿತ್ತು ಬಿಸಾಕಿ ಬರೀ ಮುಚ್ಚಳ ಹಾಕಿ ಕಳಿಸಿದ್ದರು.

ಆ ವಾಲ್ವ್ ಮಾಡುವ ಕೆಲಸ ಇಷ್ಟೇ. ಎಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರ್‌ಗೆ ಬಿಡದೆ ತಡೆದಿಡುತ್ತದೆ. 80 ಡಿಗ್ರಿ ದಾಟುವ ಹೊತ್ತಿಗೆ ತೆರೆದುಕೊಳ್ಳುತ್ತದೆ. ಅದಿಲ್ಲದಿದ್ದರೆ ನಮ್ಮೂರಿನ ಚಳಿಗೆ ನಾಲ್ಕು ಲೀಟರಿನ ಎಂಜಿನ್ ಬೆಚ್ಚಗೇ ಆಗುವುದಿಲ್ಲ. ಸಿಲಿಂಡರಿಗೆ ಗಾಳಿ, ಪೆಟ್ರೋಲ್ ಒಯ್ಯುವ ಮ್ಯಾನಿಫೋಲ್ಡ್ ಕೊಳವೆ ತಣ್ಣಗಿದ್ದರೆ ಪೆಟ್ರೋಲ್ ಆವಿಯಾಗದೆ ಗೋಡೆಗೆ ಹನಿಹನಿಯಾಗಿ ಅಂಟುತ್ತದೆ. ಗಾಳಿಯ ಜೊತೆ ಸಿಲಿಂಡರಿಗೆ ಹೋಗುವುದು ಸಾಲದು, ಅದಕ್ಕೇ ಚೋಕ್ ಎಳೆಯಬೇಕು. ಸಿಲಿಂಡರಿಗೆ ಹೋದದ್ದರಲ್ಲೂ ಅರ್ಧಂಬರ್ಧ ಉರಿದು ಸೈಲೆನ್ಸರಿನಲ್ಲಿ ಹೊರಗೆ, ಸ್ವಲ್ಪ ಜಾರಿ ಆಯಿಲ್‌ಗೆ. ಡಿಪ್‌ಸ್ಟಿಕ್ ಮೂಸಿದರೆ ಪೆಟ್ರೋಲ್ ವಾಸನೆ ಬರುತ್ತಿದ್ದದ್ದು ಇದಕ್ಕೇ.

ವಾಲ್ವ್ ತಂದು ಹಾಕಿದೆ. ಮೂರನೇ ದಿನ ಕೈಮರದಿಂದ ಮೇಲೆ ಹತ್ತುವಾಗ ರೇಡಿಯೇಟರ್ ಕುದಿದು ಬಾನೆಟ್ ಸುತ್ತ ಹಬೆ. ರಸ್ತೆ ಪಕ್ಕ ಮುಕ್ಕಾಲು ಗಂಟೆ ಕೂತೆ. ಮುಳ್ಳಯ್ಯನಗಿರಿಗೆ ಹೋಗುವ ಪ್ರವಾಸಿಗಳು ಇಳಿದು ಫೋಟೋ ಬೇರೆ ತೆಗೆದುಕೊಂಡರು. ಆಗ ಗೊತ್ತಾಯಿತು, ವಾಲ್ವ್ ಯಾಕೆ ಕಿತ್ತಿದ್ದರು ಅಂತ. ರೇಡಿಯೇಟರ್ ಒಳಗೆ ಕಟ್ಟಿಕೊಂಡಿತ್ತು. ಅದನ್ನು ಕ್ಲೀನ್ ಮಾಡಿಸುವ ಬದಲು ವಾಲ್ವ್ ತೆಗೆದು ಹೆಚ್ಚು ನೀರು ಹರಿಯಲು ಬಿಟ್ಟಿದ್ದರು. ಜ್ವರಕ್ಕೆ ಥರ್ಮಾಮೀಟರ್ ಒಡೆದು ಹಾಕಿದ ಹಾಗೆ. ರೇಡಿಯೇಟರ್ ಬಿಚ್ಚಿಸಿ ಕೊಳವೆಗಳಿಗೆ ಕಡ್ಡಿ ಆಡಿಸಿ ತೊಳೆಸಿದೆ, ಕೂಲೆಂಟ್ ಹಾಕಿದೆ. ಈಗ ಮುಳ್ಳು ಮಧ್ಯಕ್ಕೆ ಬಂದು ನಿಲ್ಲುತ್ತದೆ. ಚೋಕ್ ಎರಡು ಕಿಲೋಮೀಟರಿಗೆ ಒಳಗೆ ಹೋಗುತ್ತದೆ. 5.4. ಇಷ್ಟು ದೊಡ್ಡ ನೆಗೆತ ಬೇರೆ ಯಾವುದರಲ್ಲೂ ಸಿಗಲಿಲ್ಲ.

ಆಮೇಲೆ ಇಗ್ನಿಶನ್. ಪಾಯಿಂಟ್, ಕಂಡೆನ್ಸರ್, ಟೈಮಿಂಗ್, ಟ್ಯಾಪೆಟ್ ಎಲ್ಲ ಮೇಸ್ತ್ರಿಯೇ ಸೆಟ್ ಮಾಡಿದರು, ಅದರಲ್ಲಿ ಅವರ ಕೈ ಚೆನ್ನಾಗಿದೆ. ಆದರೆ ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಪಕ್ಕದ ವ್ಯಾಕ್ಯೂಮ್ ಡಬ್ಬಿಯನ್ನು ಯಾರೂ ನೋಡುವುದಿಲ್ಲ. ಅದರ ಪೈಪ್ ಬಿಚ್ಚಿ ಬಾಯಲ್ಲಿ ಹೀರಿ ನಾಲಿಗೆ ಅಡ್ಡ ಇಡಿ. ನಾಲಿಗೆ ಹಿಡಿದುಕೊಂಡರೆ ಒಳಗಿನ ರಬ್ಬರ್ ಸರಿಯಾಗಿದೆ. ನನ್ನದರಲ್ಲಿ ಬರೀ ಗಾಳಿ ಬಂತು. ಆಕ್ಸಲರೇಟರ್ ಸ್ವಲ್ಪವೇ ಒತ್ತಿ ಸಮ ರಸ್ತೆಯಲ್ಲಿ ಹೋಗುವಾಗ ಕಿಡಿಯನ್ನು ಸ್ವಲ್ಪ ಬೇಗ ಹೊಡೆಸುವುದು ಈ ಡಬ್ಬಿಯ ಕೆಲಸ. ಮೈಲೇಜ್ ಹುಟ್ಟುವುದೇ ಅಂಥ ಓಟದಲ್ಲಿ ಅಲ್ವಾ? ಫುಲ್ ಆಕ್ಸಲರೇಟರ್‌ನಲ್ಲಿ ಇದಕ್ಕೆ ಕೆಲಸವೇ ಇಲ್ಲ. ಅದಕ್ಕೇ ಇದು ಕೆಟ್ಟರೂ ಪಿಕಪ್ ಸರಿಯಾಗೇ ಇರುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ಹಳೇ ಸಾಮಾನಿನಲ್ಲಿ ಹುಡುಕಿ ಇನ್ನೊಂದು ಹಾಕಿದೆವು. 5.8.

ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರ್ ಅನ್ನು ಕೊನೆಗೆ ಇಟ್ಟುಕೊಂಡಿದ್ದು ಬೇಕಂತಲೇ. ಜನ ಮೊದಲು ಅದಕ್ಕೇ ಕೈ ಹಾಕುತ್ತಾರೆ, ಬೇರೆ ರೋಗವನ್ನೆಲ್ಲ ಅದರ ಸ್ಕ್ರೂ ತಿರುಗಿಸಿ ಮುಚ್ಚುತ್ತಾರೆ. ಆರೂ ಪ್ಲಗ್ ಬಿಚ್ಚಿ ಕಾಫಿ ಚೀಲದ ಮೇಲೆ ಸಾಲಾಗಿ ಇಟ್ಟೆ. ಮಧ್ಯದ 3 ಮತ್ತು 4 ಕಪ್ಪು, ತುದಿಯ 1 ಮತ್ತು 6 ಬಿಳಿಚಿಕೊಂಡಿದ್ದವು. ಉದ್ದದ ಎಂಜಿನ್ನಿಗೆ ಮಧ್ಯದಲ್ಲಿ ಒಂದೇ ಕಾರ್ಬುರೇಟರ್ ಇದ್ದರೆ ಹೀಗೇ. ಹತ್ತಿರದವರಿಗೆ ಊಟ ಜಾಸ್ತಿ, ತುದಿಯವರಿಗೆ ಅರೆಹೊಟ್ಟೆ. ನಾಲ್ಕು ಸಿಲಿಂಡರಿನಲ್ಲಿ ಇದು ಇಷ್ಟು ಕಾಡುವುದಿಲ್ಲ. ಮಧ್ಯದ ಪ್ಲಗ್ ನೋಡಿ ಪೆಟ್ರೋಲ್ ಕಡಿಮೆ ಮಾಡಿದರೆ ತುದಿಯ ವಾಲ್ವ್‌ಗಳು ಸುಡುತ್ತವೆ. ಆರು ಸಿಲಿಂಡರ್ ಗಾಡಿಯಲ್ಲಿ ಯಾವಾಗಲೂ ತುದಿಯ ಪ್ಲಗ್ ನೋಡಿಯೇ ಸೆಟ್ ಮಾಡಬೇಕು. ಎಂಜಿನ್ ಬಿಸಿಯಾಗಿ ಓಡತೊಡಗಿದ ಮೇಲೆ ಈ ಭೇದವೂ ಸ್ವಲ್ಪ ಕಡಿಮೆ ಆಯಿತು. ಮತ್ತೆ ಆ ಥರ್ಮೋಸ್ಟಾಟಿನದೇ ಪುಣ್ಯ.

ಕಾರ್ಬುರೇಟರ್ ಒಳಗೆ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಜೆಟ್ಟಿಗೆ ಯಾರೋ ತಂತಿ ಹಾಕಿ ಚುಚ್ಚಿ ತೂತು ದೊಡ್ಡದು ಮಾಡಿದ್ದರು. ಫ್ಲೋಟಿನ ಸೂಜಿ ಸವೆದು ಪೆಟ್ರೋಲ್ ಮಟ್ಟ ಮೇಲಿತ್ತು. ಇನ್ನೊಂದು ವಿಷಯ ನಮ್ಮೂರಿನದು. ಚಿಕ್ಕಮಗಳೂರು ಸಾವಿರ ಮೀಟರಿಗಿಂತ ಎತ್ತರದಲ್ಲಿದೆ. ಇಲ್ಲಿ ಗಾಳಿ ಸುಮಾರು ಹತ್ತರಲ್ಲಿ ಒಂದು ಪಾಲು ತೆಳು. ಕಾರ್ಬುರೇಟರ್‌ಗೆ ಅದು ಗೊತ್ತಾಗುವುದಿಲ್ಲ, ಪೆಟ್ರೋಲ್ ಅಷ್ಟೇ ಧಾರಾಳವಾಗಿ ಬಿಡುತ್ತದೆ. ಅದಕ್ಕೇ ಒಂದು ನಂಬರ್ ಸಣ್ಣ ಜೆಟ್ ಹಾಕಿಸಿದೆ. 6.1 ಬಂತು. ಹಾಸನದ ರಸ್ತೆಯಲ್ಲಿ 50-55ರಲ್ಲೇ ಹೋದರೆ 6.8. ಎಪ್ಪತ್ತು ದಾಟಿಸಿದರೆ ಲೆಕ್ಕ ಬಿದ್ದುಹೋಗುತ್ತದೆ. ಪೆಟ್ಟಿಗೆಯಂಥ ಗಾಡಿ, ವೇಗದ ಓಟಕ್ಕೆ ಬೇಕಾದ ಓವರ್‌ಡ್ರೈವ್ ಗೇರ್ ಇಲ್ಲ, ಮೇಲೆ ಟಾರ್ಪಾಲು ಪಟಪಟ.

ಖುಷಿ ಬಹಳ ದಿನ ಉಳಿಯಲಿಲ್ಲ. ಬಂಕಿನಲ್ಲಿ ಇ20 ಬಂತು, ಅಂದರೆ ಶೇಕಡಾ 20 ಎಥೆನಾಲ್ ಬೆರೆಸಿದ ಪೆಟ್ರೋಲ್. ಎಥೆನಾಲ್‌ನಲ್ಲಿ ಪೆಟ್ರೋಲ್‌ಗಿಂತ ಶಕ್ತಿ ಸುಮಾರು ಮೂರನೇ ಒಂದು ಪಾಲು ಕಡಿಮೆ, ಉರಿಯಲು ಬೇಕಾದ ಗಾಳಿಯೂ ಕಡಿಮೆ. ಸಣ್ಣ ಜೆಟ್ ಈಗ ತೀರಾ ಸಣ್ಣದಾಯಿತು. ಏರಿನಲ್ಲಿ ಕಾರ್ಬುರೇಟರ್ ಬಾಯಲ್ಲಿ ಫಟ್ ಫಟ್ ಅಂತ ಕೆಮ್ಮು. ತುದಿಯ ಪ್ಲಗ್‌ಗಳು ಸುಣ್ಣದಂತೆ ಬಿಳಿ. ಹೆದರಿ ಕಂಪನಿ ಸೈಜಿನ ಜೆಟ್ಟಿಗೇ ವಾಪಸ್ ಬಂದೆ. ಎತ್ತರ ಒಂದು ಕಡೆ ಎಳೆಯುತ್ತದೆ, ಎಥೆನಾಲ್ ಇನ್ನೊಂದು ಕಡೆ, ಮಧ್ಯದಲ್ಲಿ ಹಳೇ ಜೆಟ್ಟೇ ಸರಿಹೋಯಿತು. ಪೆಟ್ರೋಲ್ ಪೈಪುಗಳು, ಪಂಪಿನ ಡಯಾಫ್ರಂ ಎಲ್ಲ ಬದಲಿಸಿದೆ. ಹಳೇ ರಬ್ಬರ್ ಎಥೆನಾಲ್‌ಗೆ ಊದಿಕೊಂಡು ಮೆತ್ತಗಾಗಿತ್ತು. ಈಗ 5.8ಕ್ಕೆ ನಿಂತಿದೆ.

ಮಾಡಿ ಸುಮ್ಮನಾದದ್ದೂ ಇದೆ. ಮೈಲೇಜ್ ಹೆಚ್ಚುತ್ತೆ ಅಂತ ಪೆಟ್ರೋಲ್ ಪೈಪಿಗೆ ಕಟ್ಟುವ ಅಯಸ್ಕಾಂತ 900 ರೂಪಾಯಿ ಕೊಟ್ಟು ತಂದೆ. ಮೂರು ಟ್ಯಾಂಕ್ ನೋಡಿದೆ, ಏನೂ ಇಲ್ಲ. ಈಗ ಫ್ರಿಜ್ ಮೇಲಿದೆ. ಟ್ಯಾಂಕಿಗೆ ನುಸಿಗುಳಿಗೆ ಹಾಕಿ ಅಂತ ಪಕ್ಕದ ತೋಟದ ಚಿಕ್ಕಪ್ಪ ಹೇಳಿದರು. ಅವರ ಮುಖ ನೋಡಿ ಹೂಂ ಅಂದೆ, ಹಾಕಲಿಲ್ಲ. ಚಾರ್ಮಾಡಿ ಇಳಿಯುವಾಗ ನ್ಯೂಟ್ರಲ್ ಮಾಡಿದರೆ ಉಳಿಯುತ್ತದೆ ಅನ್ನುವವರೂ ಇದ್ದಾರೆ. ಕಾರ್ಬುರೇಟರ್ ಗಾಡಿಯಲ್ಲಿ ಅದು ಪೂರ್ತಿ ಸುಳ್ಳಲ್ಲ. ಗೇರಿನಲ್ಲಿ ಇಳಿದರೂ ಅದು ಐಡಲ್ ಪೆಟ್ರೋಲ್ ಎಳೆಯುತ್ತಲೇ ಇರುತ್ತದೆ, ಹೊಸ ಇಂಜೆಕ್ಷನ್ ಗಾಡಿಗಳಂತೆ ನಿಲ್ಲಿಸುವುದಿಲ್ಲ. ಆದರೆ ಎರಡು ಟನ್ನಿನ ಗಾಡಿಯನ್ನು ನಾಲ್ಕು ಡ್ರಮ್ ಬ್ರೇಕ್ ನಂಬಿ ಘಾಟಿಯಲ್ಲಿ ಬಿಡುವ ಧೈರ್ಯ ನನಗಿಲ್ಲ. ಎರಡನೇ ಗೇರಿನಲ್ಲೇ ಇಳಿಯುತ್ತೇನೆ.

ಒಟ್ಟು ಖರ್ಚು 14,000 ರೂಪಾಯಿ ಹತ್ತಿರ ಆಯಿತು, ಅದರಲ್ಲಿ ರೇಡಿಯೇಟರ್ ಮತ್ತು ಬ್ರೇಕಿನದೇ ಹೆಚ್ಚು. ತಿಂಗಳಿಗೆ 600 ಕಿಲೋಮೀಟರ್ ಓಡಿಸುತ್ತೇನೆ. ಮೊದಲು 136 ಲೀಟರ್ ಬೇಕಿತ್ತು, ಈಗ 103. ಈ ಲೆಕ್ಕ ಮೇಸ್ತ್ರಿಗೆ ತೋರಿಸಿದೆ. ನೋಟ್‌ಬುಕ್ ಪುಟ ತಿರುವಿ ನೋಡಿ, "ಡೀಸೆಲ್ ಹಾಕಿದ್ರೆ 60 ಲೀಟರ್ ಸಾಕಿತ್ತು ಗೌಡ್ರೇ" ಅಂದರು. ಆಮೇಲೆ ಬಾನೆಟ್ ಎತ್ತಿ, ಎಂಜಿನ್ ಸ್ಟಾರ್ಟ್ ಮಾಡಿಸಿ, ಜೇಬಿನಿಂದ ಒಂದು ರೂಪಾಯಿ ನಾಣ್ಯ ತೆಗೆದು ವಾಲ್ವ್ ಕವರ್ ಮೇಲೆ ನಿಲ್ಲಿಸಿದರು. ನಿಂತಿತು. ಸ್ವಲ್ಪ ಹೊತ್ತು ನೋಡಿ, "ಹಿಂದಿನ ಆಯಿಲ್ ಸೀಲ್ ಸೋರ್ತಾ ಇದೆ, ಮುಂದಿನ ವಾರ ತನ್ನಿ" ಅಂದರು.