ಅಮ್ಮನ ಕ್ಯಾನ್ಸರ್ ಮಾತ್ರೆ: ಗುಳ್ಳೆ, ಭೇದಿ, ಉಗುರುಸುತ್ತು ಮನೇಲಿ ನಿಭಾಯಿಸಿದ ನನ್ನ ಅನುಭವ

ಟಾರ್ಗೆಟೆಡ್ ಥೆರಪಿ, ಅಂದ್ರೆ ಕ್ಯಾನ್ಸರ್ ಕೋಶದ ಒಂದು ನಿರ್ದಿಷ್ಟ ದೋಷಕ್ಕೇ ಗುರಿಯಿಟ್ಟು ಕೊಡೋ ಔಷಧಿ, ಅದಕ್ಕೆ ಸೈಡ್ ಎಫೆಕ್ಟೇ ಇರಲ್ಲ ಅಂತ ತುಂಬಾ ಜನ ಅನ್ಕೊಂಡಿದಾರೆ. ಇರತ್ತೆ, ಕಿಮೋದಲ್ಲಿ ಬರೋದೇ ಬೇರೆ ಇದ್ರಲ್ಲಿ ಬರೋದೇ ಬೇರೆ. ಮೂಡಿಗೆರೆ ಹತ್ರ ನಮ್ಮೂರಲ್ಲಿ ಅಮ್ಮನ್ನ ನೋಡ್ಕೊಳ್ತಾ ಕಲ್ತಿದ್ದನ್ನ ಬರೀತಿದೀನಿ, ಯಾಕಂದ್ರೆ ಗುಳ್ಳೆ ಭೇದಿಗೆ ಹೆದರಿ ಡಾಕ್ಟರಿಗೂ ಹೇಳ್ದೆ ಮಾತ್ರೆ ಬಿಟ್ಟುಬಿಡೋರು ಇದ್ದಾರೆ, ಅದು ಆಗ್ಬಾರ್ದು.

ಅಮ್ಮನಿಗೆ ಶ್ವಾಸಕೋಶದ ಕ್ಯಾನ್ಸರ್, ಅಡಿನೋಕಾರ್ಸಿನೋಮ ಅನ್ನೋ ಬಗೆ. ಬೀಡಿ ಸಿಗರೇಟು ಮುಟ್ಟಿದವರಲ್ಲ. ಬಯಾಪ್ಸಿ ತುಂಡನ್ನ ಜೀನ್ ಟೆಸ್ಟಿಗೆ ಕಳಿಸಿದಾಗ ಇಜಿಎಫ್‌ಆರ್ ಅನ್ನೋ ಜೀನಲ್ಲಿ ಮ್ಯುಟೇಶನ್ (ಬದಲಾವಣೆ), ಎಕ್ಸಾನ್ 19 ಡಿಲೀಶನ್, ಅಂದ್ರೆ ಆ ಜೀನಿನ ಒಂದು ಚೂರು ಕಳಚಿಹೋಗಿದೆ ಅಂತ ಬಂತು. ಏಷ್ಯಾದ ಕಡೆ, ಅದ್ರಲ್ಲೂ ಸ್ಮೋಕ್ ಮಾಡದ ಹೆಂಗಸರಲ್ಲಿ ಇದು ಜಾಸ್ತಿ. ಈ ಜೀನು ತಯಾರಿಸೋ, ಜೀವಕೋಶದ ಮೇಲಿರೋ ಪ್ರೋಟೀನು ಬೆಳವಣಿಗೆ ಸಿಗ್ನಲ್ಲಿನ ಸ್ವಿಚ್ ಇದ್ದಂಗೆ, ಮ್ಯುಟೇಶನ್ ಆದ್ರೆ ಅದು ಆಫೇ ಆಗಲ್ಲ. ಅಮ್ಮನಿಗೆ ಕೊಟ್ಟ ಜೆಫಿಟಿನಿಬ್ 250 ಮಿಲಿಗ್ರಾಂ, ದಿನಕ್ಕೊಂದು ಮಾತ್ರೆ, ಆ ಪ್ರೋಟೀನಿನೊಳಗೆ ಎಟಿಪಿ (ಕೋಶಕ್ಕೆ ಶಕ್ತಿ ಕೊಡೋ ಅಣು) ಕೂರೋ ಜಾಗದಲ್ಲಿ ತಾನು ಹೋಗಿ ಕೂತು ಸಿಗ್ನಲ್ ನಿಲ್ಲಿಸತ್ತೆ. ಆದ್ರೆ ಇದೇ ಪ್ರೋಟೀನು ಚರ್ಮದಲ್ಲಿ, ಕರುಳಿನ ಒಳಪದರದಲ್ಲಿ, ಉಗುರಿನ ಸುತ್ತಲೂ ಇದೆ, ಅಲ್ಲೂ ಅಷ್ಟಿಷ್ಟು ಬ್ಲಾಕ್ ಆಗತ್ತೆ. ಇದನ್ನ ಡಾಕ್ಟ್ರು ಕೂರಿಸ್ಕೊಂಡು ಹೇಳಿದ್ರಿಂದ ಮುಂದೇನು ಬರಬಹುದು ಅಂತ ನಮಗೆ ಮೊದಲೇ ಗೊತ್ತಿತ್ತು.

ಮೊದಲ ಎರಡು ವಾರದೊಳಗೇ ಮೂಗಿನ ಪಕ್ಕ, ಕೆನ್ನೆ, ಎದೆ ಮೇಲೆ ಕೆಂಪು ಗುಳ್ಳೆ ಎದ್ವು, ನೋಡಕ್ಕೆ ಮೊಡವೇನೇ, ಆದ್ರೆ ಮೊಡವೆ ಅಲ್ಲ, ಅದಕ್ಕೇ ಮೊಡವೆ ಕ್ರೀಮ್ ಹಚ್ಚಬಾರ್ದು, ಚರ್ಮ ಇನ್ನೂ ಒಣಗಿ ಉರಿಯತ್ತೆ. ನಾವು ವಾಸನೆ ಇಲ್ಲದ ಮಾಯಿಶ್ಚರೈಸರ್ ಬೆಳಿಗ್ಗೆ ಸಂಜೆ, ಹೊರಗೆ ಕಣದ ಹತ್ರ ಹೋದ್ರೆ ಸನ್‌ಸ್ಕ್ರೀನ್ ಮತ್ತೆ ತಲೆಗೆ ಬಟ್ಟೆ, ಜೊತೆಗೆ ಡಾಕ್ಟ್ರು ಬರೆದ ಹೈಡ್ರೋಕಾರ್ಟಿಸೋನ್ ಕ್ರೀಮ್, ಡಾಕ್ಸಿಸೈಕ್ಲಿನ್ ಅನ್ನೋ ಆಂಟಿಬಯಾಟಿಕ್. ಸ್ನಾನಕ್ಕೆ ಹಂಡೆಯ ಸುಡುಸುಡು ನೀರು ಬಿಡಿಸಿದ್ದೇ ದೊಡ್ಡ ಕೆಲಸ, ಅಮ್ಮ ಒಪ್ಪೋಕೆ ಬಹಳ ದಿನ ಹಿಡೀತು.

ಭೇದಿ ಶುರುವಾದ ದಿನಾನೇ ಓಆರ್‌ಎಸ್, ಗಂಜಿ, ಬಾಳೆಹಣ್ಣು. ಭೇದಿ ನಿಲ್ಲಿಸೋ ಮಾತ್ರೆ ಲೋಪೆರಮೈಡ್ ಮೊದಲೇ ಬರೆಸಿಕೊಂಡು ಮನೇಲಿ ಇಟ್ಟಿದ್ವಿ.

ಜಾಸ್ತಿ ಕಷ್ಟ ಕೊಟ್ಟಿದ್ದು ಉಗುರುಸುತ್ತು. ಕಾಲಿನ ಹೆಬ್ಬೆರಳ ಪಕ್ಕ ಚರ್ಮ ಉಬ್ಬಿ ಕೆಂಪಾಗಿ, ಕೀವು ತುಂಬಿ, ಹೊದಿಕೆ ತಾಗಿದ್ರೂ ಚೀರ್ತಿದ್ರು. ನಮ್ಮ ಕಡೆ ಮಳೆಗಾಲದಲ್ಲಿ ಕಾಲು ಒಣಗೋದೇ ಇಲ್ವಲ್ಲ. ಅಕ್ಕಪಕ್ಕದವರು ನಿಂಬೆಹಣ್ಣು ಸಿಕ್ಸು ಅಂದ್ರು, ನಾನು ಬೇಡ ಅಂದೆ, ಆ ಬಿರುಕಿಗೆ ನಿಂಬೆ ಹುಳಿ ಇಳಿದ್ರೆ ಪ್ರಾಣ ಹೋಗತ್ತೆ. ಆಂಟಿಸೆಪ್ಟಿಕ್ ಹಾಕಿದ ಉಗುರು ಬೆಚ್ಚಗಿನ ನೀರಲ್ಲಿ ಕಾಲಿಡಿಸಿ, ಬೆರಳ ಸಂದಿ ಒತ್ತಿ ಒರೆಸಿ, ಆಯಿಂಟ್‌ಮೆಂಟ್ ಹಚ್ಚಿ, ಉಗುರನ್ನ ಮೂಲೆ ಕೊರೀದೆ ನೇರ ಕತ್ತರಿಸಿ, ಬಿಗಿ ಚಪ್ಪಲಿ ಬಿಟ್ಟು ಸಡಿಲದ್ದು. ನಿಧಾನಕ್ಕೆ ಇಳೀತು.

ಇನ್ನೊಂದು ಯಾರೂ ಕೇಳದೇ ಇರೋ ವಿಷ್ಯ ಗ್ಯಾಸ್ ಮಾತ್ರೆ. ಪ್ಯಾಂಟೊಪ್ರಜೋಲ್ ನಮ್ಮಲ್ಲಿ ಎಲ್ಲರ ಮನೇಲೂ ಇರತ್ತೆ, ಆದ್ರೆ ಹೊಟ್ಟೆಯ ಆಸಿಡ್ ಕಮ್ಮಿಯಾದ್ರೆ ಜೆಫಿಟಿನಿಬ್ ಸರಿಯಾಗಿ ರಕ್ತಕ್ಕೆ ಸೇರಲ್ಲ. ಬೇಕೇ ಬೇಕು ಅಂದ್ರೆ ಎರಡರ ನಡುವೆ 12 ಗಂಟೆ ಅಂತರ ಇರ್ಬೇಕು, ಅದನ್ನೂ ಡಾಕ್ಟ್ರನ್ನ ಕೇಳೇ ಮಾಡಿ. ನೆಂಟರು ತಂದುಕೊಟ್ಟ ಬೇರು, ಪುಡಿ, ಕಷಾಯ ನಾನು ಒಂದೂ ಕೊಡ್ಲಿಲ್ಲ, ಇದನ್ನ ಅರಗಿಸೋದು ಲಿವರ್, ಅದರ ರಿಪೋರ್ಟ್ ಮೊದಲೇ ಏರುಪೇರಾಗ್ತಿರತ್ತೆ.

ಮನೇಲಿ ನಿಭಾಯಿಸಬಾರದ್ದು ಒಂದಿದೆ. ಹೊಸದಾಗಿ ಉಬ್ಬಸ, ಒಣ ಕೆಮ್ಮು, ಜ್ವರ ಬಂದ್ರೆ ಅದು ಶ್ವಾಸಕೋಶದ ಉರಿಯೂತ ಇರಬಹುದು, ಅಪರೂಪ, ಆದ್ರೆ ಜೀವಕ್ಕೇ ಅಪಾಯ. ಆಗ ಮಾತ್ರೆ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ಹೊರಡಬೇಕು ಅಂತ ಡಾಕ್ಟ್ರು ಹೇಳಿದ್ರು, ಅದಕ್ಕೇ ರಾತ್ರಿ ಆದ್ರೂ ಹಾಸನಕ್ಕೆ ಬರೋ ಗಾಡಿಯವರ ನಂಬರನ್ನ ಫೋನಿನ ಪಕ್ಕ ಗೋಡೆ ಮೇಲೆ ಬರೆದಿದೀವಿ.

ಈಗ ಗಡ್ಡೆ ಕುಗ್ಗಿದೆ, ಅಮ್ಮ ಅಂಗಳದಲ್ಲಿ ಓಡಾಡ್ತಾರೆ. ಕ್ಯಾನ್ಸರ್ ಈ ಮಾತ್ರೆಗೂ ಒಂದಿನ ಬಗ್ಗದೆ ಹೋಗಬಹುದು, ಸುಮಾರು ಅರ್ಧದಷ್ಟು ಜನರಲ್ಲಿ ಅದಕ್ಕೆ ಕಾರಣ ಟಿ790ಎಂ ಅನ್ನೋ ಇನ್ನೊಂದು ಮ್ಯುಟೇಶನ್, ಅದಕ್ಕೆ ಓಸಿಮೆರ್ಟಿನಿಬ್ ಅನ್ನೋ ಇನ್ನೊಂದು ಮಾತ್ರೆ ಇದೆ. ಮುಂದಿನ ಸ್ಕ್ಯಾನಲ್ಲಿ ಗಡ್ಡೆ ಬೆಳೆದಿದ್ರೆ ಮತ್ತೆ ಟೆಸ್ಟ್ ಮಾಡಿಸ್ತೀವಿ.