ಕೂಡದ ಮೂಳೆಗೆ ಕರೆಂಟು, ಸವೆದ ಮಂಡಿಗೆ ಲೇಸರ್: ಸರಿಯಾಗಿ ಬಳಸುವುದು ಹೇಗೆ

ಬೈಕಿನಿಂದ ಬಿದ್ದು ಮೊಣಕಾಲ ಕೆಳಗಿನ ದೊಡ್ಡ ಮೂಳೆ, ಅಂದರೆ ಟಿಬಿಯಾ ಮುರಿದಿದೆ. ರಾಡ್ ಹಾಕಿಸಿ 9 ತಿಂಗಳಾಯಿತು. ಕಳೆದ 3 ತಿಂಗಳ ಎಕ್ಸ್-ರೇಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಮುರಿದ ಗೆರೆ ಹಾಗೇ ಇದೆ. ವೈದ್ಯರು ಇದನ್ನು ‘ನಾನ್‌ಯೂನಿಯನ್’ ಎನ್ನುತ್ತಾರೆ, ಮೂಳೆ ಕೂಡಿಲ್ಲ ಎಂದರ್ಥ. ಬೋನ್ ಸ್ಟಿಮ್ಯುಲೇಟರ್, ಅಂದರೆ ಸಣ್ಣ ವಿದ್ಯುತ್ ಸಂಕೇತ ಕೊಟ್ಟು ಮೂಳೆಯನ್ನು ಬೆಳೆಯಲು ಪ್ರಚೋದಿಸುವ ಯಂತ್ರ, ಮುಖ್ಯವಾಗಿ ಇಂಥವರಿಗಾಗಿಯೇ ಇದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 1979ರಲ್ಲೇ ಇದಕ್ಕೆ ಒಪ್ಪಿಗೆ ಕೊಟ್ಟಿತು.

ಮೂಳೆಗೂ ವಿದ್ಯುತ್ತಿಗೂ ನಂಟಿದೆ. 1957ರಲ್ಲಿ ಜಪಾನಿನ ಫುಕಾಡಾ ಮತ್ತು ಯಸೂದಾ ಒಣಗಿದ ಮೂಳೆಯನ್ನು ಒತ್ತಿದರೆ ಅದರಲ್ಲಿ ವಿದ್ಯುತ್ ಹುಟ್ಟುತ್ತದೆ ಎಂದು ತೋರಿಸಿದರು. ಜೀವಂತ ಮೂಳೆ ಭಾರ ಬಿದ್ದ ಕಡೆ ಗಟ್ಟಿಯಾಗುತ್ತದೆ. ಹಾಗಾದರೆ ಹೊರಗಿನಿಂದ ಅಂಥದೇ ಸಂಕೇತ ಕೊಟ್ಟರೆ ಅದು ಬೆಳೆದೀತೇ ಎಂಬ ಪ್ರಶ್ನೆಯಿಂದ ಈ ಚಿಕಿತ್ಸೆ ಬೆಳೆಯಿತು.

ಮೊದಲು ಕೇಳಬೇಕಾದ್ದು

ಯಂತ್ರಕ್ಕೆ ದುಡ್ಡು ಕಟ್ಟುವ ಮುಂಚೆ ವೈದ್ಯರನ್ನು ಮೂರು ವಿಷಯ ಕೇಳಿ. ಮುರಿದ ತುದಿಗಳು ಅಲುಗಾಡದಂತೆ ಹಿಡಿದು ನಿಂತಿವೆಯೇ? ನಡುವಿನ ಸಂದು ಎಷ್ಟಿದೆ? ಒಳಗೆ ಕೀವು, ಸೋಂಕು ಇದೆಯೇ? ಸಂದು 1 ಸೆಂ.ಮೀ.ಗಿಂತ ಅಥವಾ ಆ ಜಾಗದ ಮೂಳೆಯ ದಪ್ಪದ ಅರ್ಧಕ್ಕಿಂತ ಹೆಚ್ಚಿದ್ದರೆ ಕರೆಂಟು ಅದನ್ನು ತುಂಬಲಾರದು. ಆಗ ಬೇರೆಡೆಯ ಮೂಳೆ ತೆಗೆದು ತುಂಬುವ ಶಸ್ತ್ರಚಿಕಿತ್ಸೆಯೇ ದಾರಿ. ಸ್ಕ್ರೂ ಸಡಿಲಾಗಿ ಮೂಳೆ ಅಲುಗಾಡುತ್ತಿದ್ದರೂ ಅಷ್ಟೇ: ಮೊದಲು ಬಿಗಿಮಾಡಬೇಕು, ಆಮೇಲೆ ಯಂತ್ರ. ಬೀಡಿ, ಸಿಗರೇಟು ಬಿಡದವರ ಮೂಳೆ ನಿಧಾನವಾಗಿ ಕೂಡುತ್ತದೆ. ಸಕ್ಕರೆ ಹತೋಟಿಯಲ್ಲಿರಲಿ, ವಿಟಮಿನ್ ಡಿ ಒಮ್ಮೆ ಪರೀಕ್ಷೆಯಾಗಲಿ. ಪೇಸ್‌ಮೇಕರ್ ಇದ್ದವರು, ಗರ್ಭಿಣಿಯರು, ಬೆಳೆಯುವ ವಯಸ್ಸಿನ ಮಕ್ಕಳು ವೈದ್ಯರ ಸ್ಪಷ್ಟ ಒಪ್ಪಿಗೆ ಇಲ್ಲದೆ ಇದನ್ನು ಮುಟ್ಟಬಾರದು.

ಫಿಸಿಯೋಥೆರಪಿಯಲ್ಲಿ ಚಿಟಚಿಟ ಎನ್ನಿಸುವ ಟೆನ್ಸ್ ಯಂತ್ರ ಇದಲ್ಲ. ಅದು ನರವನ್ನು ತಟ್ಟಿ ನೋವು ತಗ್ಗಿಸುವ ಯಂತ್ರ, ಮೂಳೆ ಕೂಡಿಸುವುದು ಅದರ ಕೆಲಸವಲ್ಲ. ಬೋನ್ ಸ್ಟಿಮ್ಯುಲೇಟರ್ ಹಾಕಿಕೊಂಡವರಿಗೆ ಏನೂ ಗೊತ್ತಾಗುವುದಿಲ್ಲ. ಇದು ಕೆಲಸವೇ ಮಾಡುತ್ತಿಲ್ಲ ಎಂದುಕೊಂಡು ಎರಡನೇ ವಾರಕ್ಕೇ ಕಪಾಟಿಗೆ ಸೇರಿಸುವವರು ಬಹಳ. ದಯವಿಟ್ಟು ಹಾಗೆ ಮಾಡಬೇಡಿ.

ಸುರುಳಿಯ ಯಂತ್ರ

ಇದರಲ್ಲಿ ತಂತಿಯ ಸುರುಳಿ ಇರುತ್ತದೆ. ಬಿಟ್ಟು ಬಿಟ್ಟು ಬರುವ ಕಾಂತಕ್ಷೇತ್ರ ಮೂಳೆಯೊಳಗೆ ಸಣ್ಣ ವಿದ್ಯುತ್ ಹುಟ್ಟಿಸುತ್ತದೆ. ಪ್ಲಾಸ್ಟರ್ ಮೇಲೆ, ಬಟ್ಟೆಯ ಮೇಲೆ ಕಟ್ಟಿಕೊಳ್ಳಬಹುದು. ಟೈಟಾನಿಯಂ ರಾಡ್ ಒಳಗಿದ್ದರೂ ತೊಂದರೆಯಿಲ್ಲ.

ಇಲ್ಲಿ ಆಗುವ ದೊಡ್ಡ ತಪ್ಪು, ಸುರುಳಿಯನ್ನು ನೋವಿರುವ ಕಡೆ ಇಡುವುದು. ನೋವು ಒಂದು ಕಡೆ, ಮುರಿತ ಇನ್ನೊಂದು ಕಡೆ ಇರಬಹುದು. ಎಕ್ಸ್-ರೇಯಲ್ಲಿ ಮಂಡಿಯ ಕೀಲಿನಿಂದ ಮುರಿತಕ್ಕೆ ಎಷ್ಟು ದೂರ ಎಂದು ವೈದ್ಯರಿಂದಲೇ ಅಳೆಸಿಕೊಳ್ಳಿ. ಅಷ್ಟೇ ದೂರವನ್ನು ಕಾಲಿನ ಮೇಲೆ ಟೇಪಿನಿಂದ ಅಳೆದು ಮಾರ್ಕರ್ ಪೆನ್ನಿನಲ್ಲಿ ಗುರುತು ಹಾಕಿ. ಸುರುಳಿಯ ನಡುಮಧ್ಯ ಆ ಗುರುತಿನ ಮೇಲೆ ಕೂರಬೇಕು. ದೂರ ಸರಿದಷ್ಟೂ ಕ್ಷೇತ್ರ ಬೇಗ ಬೇಗ ಕ್ಷೀಣಿಸುತ್ತದೆ, ಆದ್ದರಿಂದ ದಪ್ಪ ಕಂಬಳಿ, ದಿಂಬು ನಡುವೆ ಬೇಡ. ಸ್ನಾನದಲ್ಲಿ ಗುರುತು ಅಳಿಸುತ್ತದೆ, ಎರಡು ದಿನಕ್ಕೊಮ್ಮೆ ಮತ್ತೆ ತಿದ್ದಿ.

ದಿನಕ್ಕೆ ಎಷ್ಟು ಗಂಟೆ ಎಂಬುದು ಯಂತ್ರದಿಂದ ಯಂತ್ರಕ್ಕೆ ಬೇರೆ: 3 ಗಂಟೆಯದೂ ಇದೆ, 10 ಗಂಟೆಯದೂ ಇದೆ. ಬರೆದುಕೊಟ್ಟಷ್ಟನ್ನು ಪೂರ್ತಿ ಕೊಡಿ. ದಿನಕ್ಕೆ 3 ಗಂಟೆಯೂ ಹಾಕಿಕೊಳ್ಳದವರಲ್ಲಿ ಫಲ ಎದ್ದು ಕಾಣುವಷ್ಟು ಕಡಿಮೆ. ರಾತ್ರಿ ಮಲಗುವಾಗ ಕಟ್ಟಿಕೊಳ್ಳುವುದು ಸುಲಭ, ಆದರೆ ಹೊರಳಿದಾಗ ಜಾರುತ್ತದೆ. ಪಟ್ಟಿಯ ಮೇಲೊಂದು ಅಗಲವಾದ ಸಾಕ್ಸ್ ಎಳೆದುಕೊಂಡರೆ ನಿಲ್ಲುತ್ತದೆ. ಯಂತ್ರದೊಳಗಿನ ಗಂಟೆಮಾಪಕವನ್ನು ವಾರಕ್ಕೊಮ್ಮೆ ಬರೆದಿಡಿ.

ಅಂಟಿಸುವ ಯಂತ್ರ

ಇನ್ನೊಂದು ಬಗೆಯಲ್ಲಿ ಚರ್ಮದ ಮೇಲೆ ಎರಡು ಪ್ಯಾಡ್ ಅಂಟಿಸುತ್ತಾರೆ, 60 ಕಿಲೋಹರ್ಟ್ಸ್ ವಿದ್ಯುತ್ ಹರಿಸುತ್ತಾರೆ. ಹೆಚ್ಚು ಕಡಿಮೆ ದಿನವಿಡೀ ಹಾಕಿಕೊಂಡಿರಬೇಕು. ಪ್ಯಾಡ್‌ಗಳು ಕಾಲಿನ ಎದುರುಬದುರು ಬದಿಗಳಲ್ಲಿ, ಮುರಿತದ ಮಟ್ಟದಲ್ಲಿ ಇರಬೇಕು. ಎರಡನ್ನೂ ಒಂದೇ ಬದಿಗೆ ಅಂಟಿಸಿದರೆ ಕರೆಂಟು ಮೂಳೆ ಮುಟ್ಟದೆ ಮೇಲೇ ಹರಿದು ಹೋಗುತ್ತದೆ. ಚರ್ಮವನ್ನು ಸೋಪು ನೀರಿನಲ್ಲಿ ತೊಳೆದು ಒಣಗಿಸಿ. ಎಣ್ಣೆ, ನೋವಿನ ಮುಲಾಮು ಒಂದಿಷ್ಟೂ ಇರಬಾರದು. ಪ್ಯಾಡಿನ ಜೆಲ್ ಒಣಗಿದರೆ ಯಂತ್ರ ಬೀಪ್ ಹೊಡೆಯುತ್ತದೆ. ಬ್ಯಾಟರಿ ಬದಲಿಸುವ ಮುಂಚೆ ಜೆಲ್ ನೋಡಿ. ಚರ್ಮ ಕೆಂಪಾದರೆ ಪ್ಯಾಡನ್ನು 2 ಸೆಂ.ಮೀ. ಪಕ್ಕಕ್ಕೆ ಸರಿಸಿ, ಗುಳ್ಳೆ ಎದ್ದರೆ ನಿಲ್ಲಿಸಿ. ಪ್ಲಾಸ್ಟರಿನಲ್ಲಿ ಪ್ಯಾಡಿಗಾಗಿ ಕಿಟಕಿ ಕೊಯ್ದಿದ್ದರೆ, ಕೊಯ್ದ ತುಂಡನ್ನು ಮತ್ತೆ ಅಲ್ಲೇ ಕೂರಿಸಿ ಕಟ್ಟಬೇಕು. ತೆರೆದು ಬಿಟ್ಟರೆ ಒಳಗಿನ ಮಾಂಸ ಊದಿ ಆ ಕಿಟಕಿಯಲ್ಲಿ ಉಬ್ಬಿಕೊಳ್ಳುತ್ತದೆ.

ಆಪರೇಷನ್ ಮಾಡಿ ಒಳಗೇ ಇಡುವ ಮೂರನೆಯ ಬಗೆಯೂ ಇದೆ. ಅದರಲ್ಲಿ ಸುಮಾರು 20 ಮೈಕ್ರೋಆಂಪ್ ಹರಿಯುತ್ತದೆ, ಋಣ ತುದಿ ಮುರಿತದಲ್ಲೇ ಇರುತ್ತದೆ. ಅದು ಸರ್ಜನ್ನರ ಕೆಲಸ, ನೀವು ನೆನಪಿಡಬೇಕಾದ್ದು ಎಂಆರ್‌ಐಗೆ ಹೋದಾಗ ಒಳಗೆ ಯಂತ್ರವಿದೆ ಎಂದು ಮೊದಲೇ ಹೇಳುವುದು.

ಫಲ ಅಳೆಯುವುದು

4ರಿಂದ 6 ವಾರಕ್ಕೊಮ್ಮೆ ಎದುರಿನಿಂದ ಒಂದು, ಪಕ್ಕದಿಂದ ಒಂದು ಎಕ್ಸ್-ರೇ. ಎರಡರಲ್ಲೂ ಸೇರಿ ಮೂಳೆಯ ನಾಲ್ಕು ಅಂಚು ಕಾಣುತ್ತವೆ. ಮೂರರಲ್ಲಾದರೂ ಬಿಳಿ ಸೇತುವೆ ಕಟ್ಟಿದ್ದರೆ ಕೂಡಿದೆ ಎನ್ನಬಹುದು. ನೋವು ಕಡಿಮೆಯಾಯಿತೆಂದು ನೀವೇ ಊರುಗೋಲು ಬಿಡಬೇಡಿ. 3 ತಿಂಗಳಾದರೂ ಚಿತ್ರ ಬದಲಾಗದಿದ್ದರೆ ಅದೇ ಯಂತ್ರವನ್ನು ಎಳೆದಾಡದೆ ಮುಂದಿನ ದಾರಿ ಕೇಳಿ. 2016ರಲ್ಲಿ, ವಿದ್ಯುತ್ ಕೊಡದ ಹುಸಿ ಯಂತ್ರದೊಂದಿಗೆ ಹೋಲಿಸಿದ 15 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಎಕ್ಸ್-ರೇಯಲ್ಲಿ ಮೂಳೆ ಕೂಡದೆ ಉಳಿಯುವ ಸಾಧ್ಯತೆ ಸುಮಾರು 35% ತಗ್ಗಿತ್ತು. ದಿನನಿತ್ಯದ ಓಡಾಟ, ಕೆಲಸ ಮಾಡುವ ಶಕ್ತಿಯಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ. ಅಂದರೆ ಇದು ನೆರವು, ಮುರಿತವನ್ನು ಬಿಗಿಯಾಗಿ ಹಿಡಿದಿಡುವ ಕೆಲಸಕ್ಕೆ ಬದಲಿಯಲ್ಲ.

ಮಂಡಿಗೆ ಲೇಸರ್

ಸವೆದ ಕಾರ್ಟಿಲೇಜ್, ಅಂದರೆ ಕೀಲಿನಲ್ಲಿ ಮೂಳೆಯ ತುದಿಗಿರುವ ನುಣುಪು ಹೊದಿಕೆ, ಲೇಸರಿನಿಂದ ಮತ್ತೆ ಬೆಳೆಯುತ್ತದೆ ಎಂದು ಪ್ಯಾಕೇಜು ಮಾರುವವರನ್ನು ನಂಬಬೇಡಿ. ಕಾರ್ಟಿಲೇಜಿಗೆ ರಕ್ತನಾಳವಿಲ್ಲ, ಜೀವಕೋಶಗಳೂ ವಿರಳ. ಪ್ರಾಣಿಗಳಲ್ಲಿ ಒಳ್ಳೆಯ ಸೂಚನೆ ಸಿಕ್ಕಿದ್ದರೂ ಮನುಷ್ಯರ ಮಂಡಿಯಲ್ಲಿ ಅದು ಬೆಳೆದು ತುಂಬಿದ್ದಕ್ಕೆ ಪುರಾವೆಯಿಲ್ಲ. ಸಿಗುವುದು ನೋವು, ಬಾವು ಇಳಿಯುವ ಲಾಭ. ಅದೂ ಪ್ರಮಾಣ ಸರಿಯಿದ್ದರೆ ಮಾತ್ರ.

ಲೆಕ್ಕ ಸುಲಭ: ವ್ಯಾಟ್ ಗುಣಿಸು ಸೆಕೆಂಡ್ ಅಂದರೆ ಜೂಲ್. 810 ನ್ಯಾನೋಮೀಟರ್ ತರಂಗದೂರದ 100 ಮಿಲಿವ್ಯಾಟ್ ಪ್ರೋಬ್ (ಲೇಸರ್ ಬೆಳಕು ಹೊಮ್ಮುವ ಕಡ್ಡಿ) 40 ಸೆಕೆಂಡ್ ಇಟ್ಟರೆ 4 ಜೂಲ್. ಅದರ ಮುಖ 0.5 ಚದರ ಸೆಂ.ಮೀ. ಇದ್ದರೆ ಚದರ ಸೆಂ.ಮೀ.ಗೆ 8 ಜೂಲ್. ಈ ಎರಡು ಅಂಕಿಗಳನ್ನು ಕಲಸುವುದರಿಂದಲೇ ಅರ್ಧ ಎಡವಟ್ಟುಗಳಾಗುತ್ತವೆ. 904 ನ್ಯಾನೋಮೀಟರಿನ, ಬಿಟ್ಟು ಬಿಟ್ಟು ಬೆಳಕು ಚಿಮ್ಮುವ ಪಲ್ಸ್ ಯಂತ್ರದ ಮೇಲೆ 20 ವ್ಯಾಟ್ ಎಂದು ಬರೆದಿರಬಹುದು, ಅದು ಕ್ಷಣಮಾತ್ರದ ಗರಿಷ್ಠ. 200 ನ್ಯಾನೋಸೆಕೆಂಡಿನ ಪಲ್ಸ್ ಸೆಕೆಂಡಿಗೆ 5000 ಬಂದರೆ ಸರಾಸರಿ ಬರೀ 20 ಮಿಲಿವ್ಯಾಟ್. ಲೆಕ್ಕಕ್ಕೆ ಸರಾಸರಿಯನ್ನೇ ಹಿಡಿಯಿರಿ. ಹೆಚ್ಚು ಕೊಟ್ಟರೆ ಹೆಚ್ಚು ಗುಣ ಎಂಬುದೂ ಇಲ್ಲಿ ನಡೆಯದು. ಒಂದು ಮಿತಿ ದಾಟಿದರೆ ಜೀವಕೋಶದ ಚಟುವಟಿಕೆ ತಗ್ಗುತ್ತದೆ.

ಮಂಡಿಯನ್ನು 90 ಡಿಗ್ರಿ ಮಡಚಿ ಕೂರಿಸಿ. ಚಿಪ್ಪಿನ ಕೆಳಗಿನ ದಪ್ಪ ನಾರಿನ ಪಕ್ಕ ಹೆಬ್ಬೆರಳು ಒತ್ತಿದರೆ ಮೆತ್ತನೆ ತಗ್ಗು ಸಿಗುತ್ತದೆ, ಅದೇ ಕೀಲಿನ ಸಂದು. ಕಾಲು ಚಾಚಿದ್ದರೆ ಆ ಸಂದು ಮುಚ್ಚಿರುತ್ತದೆ. ಅಲ್ಲಿಂದ ಒಳಬದಿಗೆ 2 ಸೆಂ.ಮೀ. ಅಂತರದಲ್ಲಿ ನಾಲ್ಕು ಬಿಂದು ಗುರುತಿಸಿ, ಒಂದೊಂದಕ್ಕೂ 4 ಜೂಲ್. ಪ್ರೋಬ್ ನೆಟ್ಟಗೆ ನಿಂತು ಚರ್ಮಕ್ಕೆ ಒತ್ತಿರಬೇಕು. ಓರೆಯಾದರೆ, ಮೇಲೆತ್ತಿ ಹಿಡಿದರೆ ಬೆಳಕು ಚಿಮ್ಮಿ ಹೋಗುತ್ತದೆ. ದಿನ ಬಿಟ್ಟು ದಿನ, 3ರಿಂದ 4 ವಾರ. ಕಪ್ಪು ಚರ್ಮ, ಹಚ್ಚೆ ಇದ್ದ ಕಡೆ ಬೆಳಕು ಮೇಲೇ ಹೀರಿಕೊಂಡು ಬಿಸಿಯಾಗುತ್ತದೆ. ಬಿಸಿ ತಟ್ಟಿದ ಕೂಡಲೇ ಹೇಳುವಂತೆ ಮೊದಲೇ ತಿಳಿಸಿ, ಹಚ್ಚೆಯ ಮೇಲೆ ಇಡಲೇಬೇಡಿ. ಕ್ಯಾನ್ಸರ್ ಗಡ್ಡೆ ಇರುವ ಜಾಗಕ್ಕೂ ಬೇಡ.

810 ನ್ಯಾನೋಮೀಟರ್ ಕಣ್ಣಿಗೆ ಕಾಣುವುದಿಲ್ಲ, ಆದ್ದರಿಂದ ರೆಪ್ಪೆ ಮುಚ್ಚುವ ಸಹಜ ರಕ್ಷಣೆಯೂ ಇಲ್ಲ. ಹಾಕುವವರು, ಹಾಕಿಸಿಕೊಳ್ಳುವವರು ಇಬ್ಬರಿಗೂ ಆ ತರಂಗದೂರಕ್ಕೆಂದೇ ಮಾಡಿದ ಕನ್ನಡಕ ಇರಲಿ. ಬಿಸಿಲಿನ ತಂಪು ಕನ್ನಡಕ ಸಾಲದು. ಪ್ರೋಬ್ ಚರ್ಮಕ್ಕೆ ತಾಗಿದ ಮೇಲೆ ಸ್ವಿಚ್ ಒತ್ತಿ, ಎತ್ತುವ ಮುಂಚೆ ಆರಿಸಿ.